ಹನ್ನೊಂದನೇ ನಿಮಿಷದ ಸದ್ದು

ಬೆಳಗಿನ 6 ಗಂಟೆ, ಹೊರಗೆ ಮೈನಸ್ 31 ಡಿಗ್ರಿ. ರಾತ್ರಿಯಿಡೀ ಬಯಲಲ್ಲಿ ನಿಂತಿದ್ದ ಕಾರಿನ ಬಾಗಿಲು ತೆಗೆದು ಕೂತರೆ ಸೀಟಿನ ಮೆತ್ತೆ ಹಲಗೆಯಷ್ಟು ಗಟ್ಟಿ. ಬಿಟ್ಟ ಉಸಿರು ಗಾಜಿನ ಒಳಮೈಗೆ ತಾಗಿ ಅಲ್ಲೇ ಹೆಪ್ಪುಗಟ್ಟುತ್ತಿತ್ತು. ಸ್ಟಿಯರಿಂಗ್ ಹಿಡಿದವರು ನಮ್ಮ ತಂಡದ ಹಿರಿಯ ಟೆಸ್ಟ್ ಡ್ರೈವರ್. ಪಕ್ಕದಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು. ನೈಲಾನ್ ಜಾಕೆಟ್ಟಿನ ತೋಳು ಸರಭರ ಅಂದರೆ ಮೈಕಿಗೆ ಕೇಳುತ್ತದೆಂದು ಅದನ್ನು ಕಳಚಿ ಹಿಂದಕ್ಕೆ ಹಾಕಿ, ಇಬ್ಬರೂ ಉಣ್ಣೆಯ ಸ್ವೆಟರ್‌ನಲ್ಲೇ ನಡುಗುತ್ತ ಕೂತಿದ್ದೆವು. ಹೀಟರ್ ಹಾಕಿ ಸ್ಟಾಪ್‌ವಾಚ್ ಒತ್ತಿದೆ. ಅಲ್ಲಿಂದಾಚೆಗೆ ಮಾತಿಲ್ಲ.

11ನೇ ನಿಮಿಷಕ್ಕೆ ಅದು ಬಂತು. ಬಲಗಡೆ, ನನ್ನ ಮೊಣಕಾಲಿನ ಎದುರು, ಡ್ಯಾಶ್‌ಬೋರ್ಡಿನ ಒಳಗೆಲ್ಲೋ ಒಂದು ಸಣ್ಣ ‘ಕಿರ್ರ್’. ಹೊಸ ಚರ್ಮದ ಚಪ್ಪಲಿ ಮೆಟ್ಟಿ ನಡೆದರೆ ಬರುತ್ತದಲ್ಲ, ಅಂಥದ್ದು. ರಸ್ತೆಯ ಒಂದೊಂದು ಉಬ್ಬಿಗೂ ಒಂದೊಂದು. 24ನೇ ನಿಮಿಷಕ್ಕೆ ನಿಂತೇಹೋಯಿತು. ಆಮೇಲೆ ಸಂಜೆಯವರೆಗೆ ಓಡಿಸಿದರೂ ಸುಳಿವಿಲ್ಲ.

ಆ 13 ನಿಮಿಷದ ಸದ್ದಿನ ಬೆನ್ನು ಹತ್ತಿ ನಾವು 19 ದಿನ ಕಳೆದೆವು.

ನಾನು ಅರಸೀಕೆರೆಯವಳು. ಹಾಸನದಲ್ಲಿ ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಐದು ವರ್ಷ ದುಡಿದು, ಈಗ ಜರ್ಮನಿಯ ಒಂದು ಕಾರು ಕಂಪನಿಯಲ್ಲಿ ಸದ್ದು ಮತ್ತು ಕಂಪನದ ವಿಭಾಗದಲ್ಲಿದ್ದೇನೆ. ಕಂಪನಿಯ ಹೆಸರನ್ನಾಗಲಿ ಕಾರಿನ ಹೆಸರನ್ನಾಗಲಿ ಬರೆಯುವ ಹಾಗಿಲ್ಲ, ಸಹಿ ಹಾಕಿಕೊಟ್ಟಿದ್ದೇನೆ. ಮಾರುಕಟ್ಟೆಗೆ ಬರಲು ಆಗ ಇನ್ನೂ ಎರಡು ವರ್ಷ ಬಾಕಿ ಇದ್ದ ಒಂದು ದುಬಾರಿ ಎಲೆಕ್ಟ್ರಿಕ್ ಕಾರು ಅಂದುಕೊಳ್ಳಿ. ಅದರ 17ನೇ ನಂಬರಿನ ಪ್ರೊಟೊಟೈಪ್, ಅಂದರೆ ಪರೀಕ್ಷೆಗೆಂದೇ ಕಟ್ಟಿದ ಮಾದರಿ ಕಾರು, ನಮ್ಮ ಪಾಲಿಗೆ ಬಂದಿತ್ತು.

ದುಬಾರಿ ಕಾರಿನಲ್ಲಿ ಜನ ಕೊಳ್ಳುವುದು ಏನನ್ನು ಅಂತ ಕೇಳಿದರೆ ನಾನು ಮೊದಲು ಹೇಳುವುದು ನಿಶ್ಶಬ್ದ. ವೇಗ ಈಗ ಮಧ್ಯಮ ಬೆಲೆಯ ಕಾರಿಗೂ ಬಂದಿದೆ, ದೊಡ್ಡ ಪರದೆ ಎಲ್ಲದರಲ್ಲೂ ಇದೆ. ನಿಶ್ಶಬ್ದ ಮಾತ್ರ ಸುಲಭಕ್ಕೆ ಬರುವುದಿಲ್ಲ. ರೋಲ್ಸ್-ರಾಯ್ಸ್ ಕಂಪನಿ 2020ರಲ್ಲಿ ತಂದ ಘೋಸ್ಟ್ ಕಾರಿನಲ್ಲಿ ಸದ್ದು ಹೀರುವ ಸಾಮಗ್ರಿಯೇ 100 ಕಿಲೋಗಿಂತ ಹೆಚ್ಚು ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಕಾರು ಎಷ್ಟು ಮೌನವಾಯಿತೆಂದರೆ ಒಳಗೆ ಕೂತವರಿಗೆ ಕಸಿವಿಸಿ ಆಗತೊಡಗಿತಂತೆ. ಆಮೇಲೆ ಒಳಗಿನ ಭಾಗಗಳನ್ನೆಲ್ಲ ಒಂದೇ ಶ್ರುತಿಗೆ ಹೊಂದಿಸಿ, ಪಿಸುಮಾತಿನಷ್ಟು ಒಂದು ನಾದ ಉಳಿಸಿದರು. ಎಲೆಕ್ಟ್ರಿಕ್ ಕಾರಿನಲ್ಲಿ ಕಷ್ಟ ಇನ್ನೂ ಒಂದು ಕೈ ಮೇಲೆ. ಪೆಟ್ರೋಲ್ ಎಂಜಿನ್ನಿನ ಗುಂಯ್ ಅನ್ನುವ ಸದ್ದಿನ ಅಡಿಯಲ್ಲಿ ನೂರು ಸಣ್ಣ ಸದ್ದು ಅಡಗಿ ಕೂತಿರುತ್ತವೆ. ಎಂಜಿನ್ ತೆಗೆದುಬಿಟ್ಟರೆ ಅವಷ್ಟೂ ಎದ್ದು ಬರುತ್ತವೆ. ಬೀದಿಯ ಗದ್ದಲ ಅಡಗಿದ ಮೇಲೆ ರಾತ್ರಿ ನಲ್ಲಿಯ ಹನಿ ಕೇಳಿಸಿದ ಹಾಗೆ.

ನಾವಿದ್ದದ್ದು ಸ್ವೀಡನ್ನಿನ ಉತ್ತರಕ್ಕೆ, ಆರ್ಯೆಪ್ಲೋಗ್ ಎಂಬ ಊರಿನಲ್ಲಿ. ಆರ್ಕ್ಟಿಕ್ ವೃತ್ತಕ್ಕೆ ಅಲ್ಲಿಂದ ಸುಮಾರು 55 ಕಿ.ಮೀ. ಇಡೀ ಪುರಸಭೆಯ ವ್ಯಾಪ್ತಿಯಲ್ಲಿ ಮೂರು ಸಾವಿರಕ್ಕೂ ಕಡಿಮೆ ಜನ. ಚಳಿಗಾಲ ಬಂತೆಂದರೆ ಜರ್ಮನಿ, ಬ್ರಿಟನ್, ಕೊರಿಯಾ ಮುಂತಾದ ಕಡೆಗಳಿಂದ ಸಾವಿರಾರು ಎಂಜಿನಿಯರುಗಳು, ಡ್ರೈವರುಗಳು ಬಂದಿಳಿಯುತ್ತಾರೆ. ಸುತ್ತ ನೀರೋ ನೀರು. ಊರ ಪಕ್ಕದ ಹೋರ್ನಾವನ್ ಸರೋವರ 221 ಮೀಟರ್ ಆಳದ್ದು, ಸ್ವೀಡನ್ನಿನಲ್ಲೇ ಅತಿ ಆಳವಾದದ್ದು. ಡಿಸೆಂಬರ್ ಹೊತ್ತಿಗೆ ಸರೋವರಗಳು ಗಟ್ಟಿಯಾಗುತ್ತವೆ, ಅದರ ಮೇಲೆ ಟ್ರ್ಯಾಕ್ ಕಟ್ಟುತ್ತಾರೆ. ಕಟ್ಟುವುದೆಂದರೆ ಮೊದಲ ಕೆಲಸ ಹಿಮ ಗುಡಿಸುವುದು. ಹಿಮ ಕಂಬಳಿಯ ಹಾಗೆ ಹೊದ್ದುಕೊಂಡಿದ್ದರೆ ಕೆಳಗಿನ ಮಂಜುಗಡ್ಡೆಗೆ ಚಳಿ ತಾಗದು, ದಪ್ಪ ಬೆಳೆಯದು. ಹಿಮ ತೆಗೆದು ಬರಿಮೈ ಮಾಡಿದರೆ ರಾತ್ರಿಯ ಚಳಿ ಕೆಳಕ್ಕೆ ಇಳಿಯುತ್ತದೆ. ಊರಿನವರಲ್ಲಿ ಈ ಕೆಲಸವನ್ನೇ ಕಸುಬು ಮಾಡಿಕೊಂಡವರಿದ್ದಾರೆ. ರಂಧ್ರ ಕೊರೆದು ದಪ್ಪ ಅಳೆದು ಅವರು ಒಪ್ಪಿಗೆ ಕೊಡುವವರೆಗೆ ಒಂದು ಚಕ್ರವೂ ಇಳಿಯುವಂತಿಲ್ಲ. ಅವರ ಮಾತಿಗೆ ಎಂಥ ದೊಡ್ಡ ಕಂಪನಿಯೂ ಎದುರಾಡದು, ಆಡಲೂಬಾರದು.

ಈ ನೆಲದ ಋಣ ನಮ್ಮೂರಿನ ರಸ್ತೆಯಲ್ಲಿ ಓಡುವ ಕಾರುಗಳಿಗೂ ಇದೆ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವ ಎಬಿಎಸ್ ಅನ್ನು 1970ರ ದಶಕದಲ್ಲಿ ಈ ಭಾಗದ ಮಂಜುಗಡ್ಡೆಯ ಮೇಲೆ ಪರೀಕ್ಷಿಸಿದರು. 1978ರಲ್ಲಿ ಅದು ಮರ್ಸಿಡಿಸ್ ಎಸ್-ಕ್ಲಾಸ್‌ಗೆ ಬಂತು. ಕಾರು ಅಡ್ಡ ಜಾರುವುದನ್ನು ತಡೆಯುವ ಇಎಸ್‌ಪಿಯ ಯೋಚನೆ ಹೊಳೆದದ್ದೂ ಉತ್ತರ ಸ್ವೀಡನ್ನಿನಲ್ಲೇ. 1989ರಲ್ಲಿ ಮರ್ಸಿಡಿಸ್ ಎಂಜಿನಿಯರ್ ಫ್ರಾಂಕ್ ವರ್ನರ್-ಮೋನ್ ಅವರ ಕಾರು ಪರೀಕ್ಷೆಯ ವೇಳೆ ಜಾರಿ ರಸ್ತೆ ಬದಿಯ ಹಳ್ಳಕ್ಕೆ ಇಳಿಯಿತು. ಅಲ್ಲಿಂದ ಎಳೆಸಿಕೊಂಡು ಬರುವಷ್ಟರಲ್ಲಿ ಅವರ ತಲೆಯಲ್ಲಿ ಆ ಯೋಚನೆ ಕೂತಿತ್ತು. ಅದು ಕಾರಿಗೆ ಬಂದದ್ದು 1995ರಲ್ಲಿ. ಊರಿಗೆ ಬಂದಾಗ ತಮ್ಮನ ಕಾರಿನಲ್ಲಿ ಶಿರಾಡಿ ಘಾಟಿ ಇಳಿಯುತ್ತ ಮಳೆಯಲ್ಲಿ ಆ ಹಳದಿ ದೀಪ ಮಿಣುಕಿದಾಗೆಲ್ಲ ನನಗೆ ಆ ಹಳ್ಳ ನೆನಪಾಗುತ್ತದೆ.

ಪ್ರೊಟೊಟೈಪ್ ಅಂದರೆ ಥಳಥಳ ಹೊಳೆಯುವ ಹೊಸ ಕಾರು ಅಂದುಕೊಳ್ಳುವವರೇ ಹೆಚ್ಚು. 17ನೇ ನಂಬರಿನದು ಹಾಗಿರಲಿಲ್ಲ. ಮೈತುಂಬ ಕಪ್ಪು-ಬಿಳಿ ಸುರುಳಿಗಳ ಸ್ಟಿಕ್ಕರು. ಆ ಸುರುಳಿಗಳು ಅಂಚು ಎಲ್ಲಿ, ತಿರುವು ಎಲ್ಲಿ ಎಂದು ಕಣ್ಣಿಗೂ ಕ್ಯಾಮೆರಾಕ್ಕೂ ಗೊತ್ತಾಗದ ಹಾಗೆ ಮಾಡುತ್ತವೆ. ಅದರ ಕೆಳಗೆ ಅಲ್ಲಲ್ಲಿ ಪ್ಲಾಸ್ಟಿಕ್ಕಿನ ಸುಳ್ಳು ಉಬ್ಬುಗಳು. ಕಾರು ನಿಲ್ಲಿಸಿದ ಕೂಡಲೇ ಡ್ಯಾಶ್‌ಬೋರ್ಡಿನ ಮೇಲೆ ಕಪ್ಪು ಬಟ್ಟೆ ಎಳೆಯಬೇಕು, ಚಹಾ ಕುಡಿಯಲು ಎರಡು ನಿಮಿಷ ಇಳಿದರೂ ಸರಿ. ಒಳಗೆ ಕಾಲಿಟ್ಟರೆ ವೈರುಗಳ ಕಂತೆ. ಒಂದೊಂದರ ತುದಿಯಲ್ಲಿ ಒಂದೊಂದು ಉಷ್ಣಮಾಪಕ. ನಡುವೆ ಅಂಗೈ ಅಗಲದ ಕೆಂಪು ಗುಂಡಿ, ಏನಾದರೂ ಹೆಚ್ಚುಕಮ್ಮಿಯಾದರೆ ಹೊಡೆದು ವಿದ್ಯುತ್ ಕಡಿಯಲು. ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಸಿಕೊಂಡು ಒಂದು ಕೃತಕ ತಲೆ. ಅದರ ಎರಡೂ ಕಿವಿಯಲ್ಲಿ ಮೈಕ್. ಈ ಕಾರಿನ ಮಾಲೀಕರು ಹೆಚ್ಚಾಗಿ ಹಿಂದೆ ಕೂರುವವರು, ಅವರ ಕಿವಿಗೆ ಏನು ಬೀಳುತ್ತದೋ ಅದನ್ನೇ ಆ ತಲೆ ದಾಖಲಿಸುತ್ತದೆ.

ಸದ್ದನ್ನು ಮೊದಲು ಹಿಡಿದವರು ಹಿರಿಯರು. (ಜರ್ಮನ್ ಭಾಷೆಯಲ್ಲಿ ನಾವಿಬ್ಬರೂ ಏಕವಚನದಲ್ಲೇ ಮಾತಾಡುವುದು. ಕನ್ನಡದಲ್ಲಿ ಬರೆಯುವಾಗ ನನಗೆ ಅವರ ಬಗ್ಗೆ ಬಹುವಚನವೇ ಬರುತ್ತದೆ.) ಈ ಕೆಲಸದಲ್ಲಿ ಮೂವತ್ತು ಚಳಿಗಾಲ ಕಳೆದವರು. ಆ ದಿನ ಕೃತಕ ತಲೆಯ ಗ್ರಾಫಿನಲ್ಲಿ ಏನೂ ಕಾಣಲಿಲ್ಲ, ಟೈರಿನ ಸದ್ದಿನಲ್ಲಿ ಕಲಸಿಹೋಗಿತ್ತು. ಅವರು ಮಾತ್ರ ಕಾರು ನಿಲ್ಲಿಸಿ, “ಇಲ್ಲಿ ಏನೋ ಉಜ್ಜುತ್ತಿದೆ” ಅಂದರು. ನನಗೂ ಕೇಳಿಸಿತ್ತು, ಆದರೆ ನನ್ನ ಬೂಟಿನದೇನೋ ಅಂದುಕೊಂಡು ಬಿಟ್ಟಿದ್ದೆ. ವರದಿಯಲ್ಲಿ ಬರೆದೆವು. ಉತ್ತರ ಬಂತು: ಅಳತೆಯಲ್ಲಿ ಇಲ್ಲ, ಹಿಡಿದು ತೋರಿಸಿ.

ಆ ಉತ್ತರದ ಬಗ್ಗೆ ನನಗೆ ಬೇಜಾರಿಲ್ಲ. ದೇಹ ಹಿಡಿದದ್ದನ್ನು ಇನ್ನೊಬ್ಬರ ಮೇಜಿನ ಮೇಲೆ ಇಟ್ಟು ತೋರಿಸುವವರೆಗೆ ನಮ್ಮ ಕೆಲಸ ಮುಗಿಯುವುದಿಲ್ಲ. ಡ್ಯಾಶ್‌ಬೋರ್ಡಿನ ಅಚ್ಚು ಮಾಡಿಸುವುದಕ್ಕೆ ಆಗುವ ಖರ್ಚು ಸಣ್ಣದಲ್ಲ. ‘ಏನೋ ಉಜ್ಜುತ್ತಿದೆ’ ಎಂಬ ಒಂದು ಮಾತಿಗೆ ಅಚ್ಚು ಬದಲಿಸಿ ಅಂತ ಯಾರಿಗೂ ಹೇಳಲಾಗದು.

ತೊಂದರೆ ಏನೆಂದರೆ ದಿನಕ್ಕೆ ಒಂದೇ ಅವಕಾಶ. ಒಮ್ಮೆ ಕಾರು ಬೆಚ್ಚಗಾಯಿತೆಂದರೆ ಮತ್ತೆ ಒಳಗಿನ ಎಲುಬಿನವರೆಗೂ ತಣ್ಣಗಾಗಲು ರಾತ್ರಿಯಿಡೀ ಹೊರಗೆ ನಿಲ್ಲಬೇಕು. ವರ್ಕ್‌ಶಾಪಿಗೆ ತಂದು ಬಿಚ್ಚಿ ನೋಡೋಣವೆಂದರೆ ಅಲ್ಲಿ 18 ಡಿಗ್ರಿ ಬೆಚ್ಚಗೆ. ಬಾಗಿಲು ದಾಟಿ ಬರುವಷ್ಟರಲ್ಲಿ ಕಳ್ಳ ಪರಾರಿ. ಸರೋವರದ ಮಂಜುಗಡ್ಡೆ ಕನ್ನಡಿಯ ಹಾಗೆ ನುಣುಪು, ಅಲ್ಲಿ ಸದ್ದೇ ಏಳುವುದಿಲ್ಲ. ಅದಕ್ಕೆ ಊರಾಚೆಯ ರಸ್ತೆಗೇ ಹೋಗಬೇಕು. ನೆಲದೊಳಗಿನ ನೀರು ಹೆಪ್ಪುಗಟ್ಟಿ ಡಾಂಬರನ್ನು ಮೇಲೆತ್ತಿದ ಉಬ್ಬುಗಳು ಅಲ್ಲಿ ಸಾಲಾಗಿ ಸಿಗುತ್ತವೆ. ಅದೇ ರಸ್ತೆಯಲ್ಲಿ ಹಿಮಸಾರಂಗಗಳೂ ಸಿಗುತ್ತವೆ. ಬದಿಯ ಕೋಲಿಗೆ ಕಪ್ಪು ಪ್ಲಾಸ್ಟಿಕ್ ಚೀಲ ಕಟ್ಟಿದ್ದರೆ ಹತ್ತಿರದಲ್ಲಿ ಹಿಂಡು ಇದೆ ಎಂದರ್ಥ, ಸಾಕುವವರೇ ಕಟ್ಟಿರುತ್ತಾರೆ. ಚೀಲ ಕಂಡರೆ ವೇಗ ಇಳಿಸಬೇಕು, ವೇಗ ಇಳಿದರೆ ಸದ್ದು ಇಲ್ಲ. ಒಂದು ಬೆಳಿಗ್ಗೆ ಸರಿಯಾಗಿ 12ನೇ ನಿಮಿಷಕ್ಕೆ ನಲವತ್ತು ಸಾರಂಗಗಳು ರಸ್ತೆಯ ನಡುವೆ ಬಂದು ನಿಂತವು. ಹಿರಿಯರು ದೀಪ ಮಂದ ಮಾಡಿ ಕಾದರು. ಅವು ಹೋದಾಗ 26 ನಿಮಿಷ ಕಳೆದಿತ್ತು. ಆ ದಿನ ಅಲ್ಲಿಗೇ ಮುಗಿಯಿತು.

ಆಮೇಲೆ ಹವೆ ಕೈಕೊಟ್ಟಿತು. ಅಟ್ಲಾಂಟಿಕ್ ಕಡೆಯಿಂದ ಗಾಳಿ ತಿರುಗಿ ಐದು ದಿನ ಬೆಳಿಗ್ಗೆ ಮೈನಸ್ 12, ಮೈನಸ್ 14. ಅಷ್ಟು ದಿನವೂ ಕಾರು ಬಾಯಿ ಬಿಡಲಿಲ್ಲ. ನಾನು ಬೇಸರದಲ್ಲಿ ಕೂತು ಹಳೆಯ ಲಾಗ್‌ಬುಕ್ ತಿರುವುತ್ತ, ಸದ್ದು ಬಂದ ದಿನಗಳ ಮುಂದೆ ಆ ಬೆಳಗಿನ ಉಷ್ಣಾಂಶ ಬರೆದೆ. ಮೈನಸ್ 29, 31, 30, 28. ಬಾರದ ದಿನಗಳು: ಮೈನಸ್ 22, 19, 14. ಎರಡು ಗುಂಪುಗಳ ನಡುವೆ ಒಂದು ಗೆರೆ ಎಳೆಯುವಷ್ಟು ಜಾಗ ಇತ್ತು. ನನಗಾದ ಸಂತೋಷ ಹೇಳತೀರದು. ಇದುವರೆಗೆ ಸದ್ದು ಎಲ್ಲಿದೆ ಅಂತ ಹುಡುಕಿದ್ದೆವು, ಯಾವಾಗ ಹುಟ್ಟುತ್ತದೆ ಅಂತ ಕೇಳಿಕೊಂಡೇ ಇರಲಿಲ್ಲ.

ಆ ರಾತ್ರಿ ಬೆಂಗಳೂರಿಗೆ ಫೋನ್ ಹಚ್ಚಿದೆ. ಡ್ಯಾಶ್‌ಬೋರ್ಡಿನ ಕಂಪ್ಯೂಟರ್ ಲೆಕ್ಕ ನೋಡಿಕೊಳ್ಳುವ ಸಹೋದ್ಯೋಗಿ ಧಾರವಾಡದವರು.

“ಅಕ್ಕಾರ, ಮೈನಸ್ 20ಕ್ಕ ಎಲ್ಲಾ ಸರಿ ಐತಿ ನೋಡ್ರಿ. ಥಂಡಿ ಚೇಂಬರಿನ್ಯಾಗೂ ಮೈನಸ್ 20ಕ್ಕ ಅಲುಗಾಡಿಸಿ ನೋಡ್ಯಾರ, ಏನೂ ಬಂದಿಲ್ಲ.”

“ಮೈನಸ್ 31ಕ್ಕೆ ಒಂದ್ಸಲ ಹಾಕಿ ನೋಡ್ತೀರಾ? ಅದೂ ಮೇಲಿನ ಪ್ಲಾಸ್ಟಿಕ್ ಒಂದೇ ನಿಧಾನಕ್ಕೆ ಬಿಸಿ ಆಗ್ಲಿ, ಒಳಗಿನ ಅಲ್ಯೂಮಿನಿಯಂ ತಣ್ಣಗೇ ಇರ್ಲಿ.”

ಆ ಕಡೆ ಸ್ವಲ್ಪ ಹೊತ್ತು ಕೀಬೋರ್ಡಿನ ಸದ್ದು ಮಾತ್ರ. ಆಮೇಲೆ, “ತಡೀರಿ, ತಡೀರಿ... ಅಕ್ಕಾರ, ಇದು ಸಿಗಹಾಕ್ಕೊಂಡೇತಿ.”

ವಿಷಯ ಇಷ್ಟು. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಚೌಕಟ್ಟು ಸುಮಾರು 1.4 ಮೀಟರ್ ಉದ್ದ. ಅದು ಕೂರುವುದು ಅಲ್ಯೂಮಿನಿಯಂ ತೊಲೆಯೊಂದರ ಮೇಲೆ. ಚಳಿಗೆ ಪ್ಲಾಸ್ಟಿಕ್ ಅಲ್ಯೂಮಿನಿಯಂಗಿಂತ ಮೂರು ಪಟ್ಟು ಕುಗ್ಗುತ್ತದೆ. ಅದಕ್ಕೇ ಚೌಕಟ್ಟನ್ನು ನಡುವೆ ಮಾತ್ರ ಬಿಗಿದು, ಎರಡೂ ತುದಿಯಲ್ಲಿ ಬೋಲ್ಟಿಗೆ ಉದ್ದನೆಯ ತೂತು ಕೊಟ್ಟಿರುತ್ತಾರೆ, ಜಾರಿಕೊಳ್ಳಲಿ ಎಂದು. ಬಿಸಿಲಿಗೆ ಹಿಗ್ಗುವ ಕಡೆ 3 ಮಿ.ಮೀ. ಜಾಗ ಬಿಟ್ಟಿದ್ದರು, ಚಳಿಗೆ ಕುಗ್ಗುವ ಕಡೆ 1.5. ಕೋಣೆಯ 20 ಡಿಗ್ರಿಯಿಂದ ಮೈನಸ್ 20ಕ್ಕೆ ಇಳಿದರೆ ಎರಡರ ನಡುವಿನ ವ್ಯತ್ಯಾಸ ಒಂದು ತುದಿಯಲ್ಲಿ 1.3 ಮಿ.ಮೀ., ಜಾಗ ಸಾಕು. ಮೈನಸ್ 31ಕ್ಕೆ ಸುಮಾರು 1.7. ಅಂದರೆ ಬೋಲ್ಟಿನ ಕೊರಳು ತೂತಿನ ಗೋಡೆಗೆ ಒತ್ತಿ ಕೂರುತ್ತದೆ. ಗಟ್ಟಿಯಾಗಿ ಕೂತಿರುವವರೆಗೆ ಸದ್ದಿಲ್ಲ. ಹೀಟರಿನ ಶಾಖ ಚರ್ಮವನ್ನೂ ಅದರ ಕೆಳಗಿನ ಸ್ಪಂಜನ್ನೂ ದಾಟಿ ಚೌಕಟ್ಟನ್ನು ಮೂರ್ನಾಲ್ಕು ಡಿಗ್ರಿ ಬಿಸಿ ಮಾಡುವುದಕ್ಕೆ 11 ನಿಮಿಷ ಬೇಕು. ಆಗ ಹಿಡಿತ ಸಡಿಲವಾಗುತ್ತದೆ, ಪೂರ್ತಿ ಬಿಡುವುದಿಲ್ಲ. ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಕಿರ್ರ್. ಇನ್ನಷ್ಟು ಬಿಸಿಯಾದ ಮೇಲೆ ಗೋಡೆಯಿಂದ ದೂರ ಸರಿದು ಮೌನ.

ಲೆಕ್ಕ ಸರಿ. ಆದರೂ ಕಣ್ಣಾರೆ ನೋಡಬೇಕಿತ್ತು.

17ನೇ ದಿನ ರಾತ್ರಿ ಆಕಾಶ ತಿಳಿಯಾಯಿತು, ಧ್ರುವಪ್ರಭೆಯ ಹಸಿರು ಬೆಳಕು ಪೂರ್ವದಿಂದ ಪಶ್ಚಿಮಕ್ಕೆ ಹರಡಿತು. ನಾನು ನೋಡುತ್ತಿದ್ದದ್ದು ಕಿಟಕಿಗೆ ಹಾಕಿದ್ದ ಥರ್ಮಾಮೀಟರನ್ನು. ಬೆಳಿಗ್ಗೆ ಮೈನಸ್ 30. ಡ್ಯಾಶ್‌ಬೋರ್ಡಿನ ಬಲ ಅಂಚಿನ ಮುಚ್ಚಳ ಹಿಂದಿನ ದಿನವೇ ತೆಗೆದಿಟ್ಟಿದ್ದೆವು. ಅದರೊಳಗೆ ಸ್ಟೆತಾಸ್ಕೋಪಿನ ಉದ್ದ ಕಡ್ಡಿ ತೂರಿಸಿ, ಮೆಕ್ಯಾನಿಕ್ಕುಗಳು ಬಳಸುವಂಥದ್ದು, ತುದಿಯನ್ನು ಬೋಲ್ಟಿನ ತಲೆಗೆ ಆನಿಸಿ ಕೂತೆ. ಅರಸೀಕೆರೆಯ ಬಸ್ ಡಿಪೋದಲ್ಲಿ ಅಪ್ಪ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಬೇರಿಂಗ್ ಕೇಳುತ್ತಿದ್ದರು. ಊಟದ ಡಬ್ಬಿ ಕೊಡಲು ಹೋದಾಗ ನನ್ನ ಕಿವಿಗೂ ಒಮ್ಮೆ ಇಟ್ಟಿದ್ದರು. ಒಳಗೆ ಮಳೆಗಾಲದ ಹೊಳೆಯ ಹಾಗೆ ಸದ್ದು. ಅಪ್ಪನಿಗೆ ಸಾವಿರ ಸದ್ದಿನ ನಡುವೆ ಒಂದನ್ನು ಹೆಕ್ಕಬೇಕಿತ್ತು. ನನ್ನದು ಬರಿಯ ಮೌನದಲ್ಲಿ ಕಾಯುವ ಕೆಲಸ.

11 ನಿಮಿಷ 20 ಸೆಕೆಂಡಿಗೆ ಕಿವಿಯಲ್ಲಿ ಮರದ ಬಾಗಿಲು ತೆರೆದಷ್ಟು ದೊಡ್ಡದಾಗಿ ಕಿರ್ರ್ ಎಂದಿತು. ಇನ್ನೊಂದು ಕೈಯ ಹೆಬ್ಬೆರಳಿಂದ ಅಂಚನ್ನು ಒತ್ತಿದೆ, ನಿಂತಿತು. ಬಿಟ್ಟೆ, ಬಂತು. ಮೂರು ಸಲ ಹಾಗೆ ಮಾಡಿದೆ. ಮೈಕ್ ಕೂಡ ಅಲ್ಲೇ ಪಕ್ಕದಲ್ಲಿ ಅಂಟಿಸಿದ್ದರಿಂದ ಈ ಸಲ ಗ್ರಾಫಿನಲ್ಲೂ ಸಾಲು ಸಾಲು ಮುಳ್ಳು. ಹಿರಿಯರು ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ನನ್ನ ಭುಜ ತಟ್ಟಿದರು. ಅವರು ರಸ್ತೆಯ ಮೇಲೆ ಹಾಗೆ ಕೈ ತೆಗೆದದ್ದು ನಾನು ಕಂಡಿದ್ದು ಅದೊಂದೇ ಸಲ.

ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ಬೋಲ್ಟ್ ಬಿಚ್ಚಿದೆವು. ತೂತಿನ ಒಳ ಅಂಚಿನಲ್ಲಿ ಅರ್ಧ ಅಕ್ಕಿ ಕಾಳಿನಷ್ಟು ಜಾಗ ಮಾತ್ರ ನುಣ್ಣಗೆ ಹೊಳೆಯುತ್ತಿತ್ತು, ಉಳಿದದ್ದೆಲ್ಲ ಮಾಸಲು ಕಪ್ಪು. ಅದರ ಕೆಳಗೆ ಹಿಟ್ಟಿನಂಥ ಬೂದು ಪುಡಿ. ನಾನು ಬೆರಳ ತುದಿಗೆ ಅಂಟಿಸಿಕೊಂಡು ದೀಪಕ್ಕೆ ಹಿಡಿದೆ. ಸದ್ದಿಗೆ ಬಣ್ಣವಿದ್ದರೆ ಅದೇ. ಆ ಪುಡಿಯನ್ನು ಪಾರದರ್ಶಕ ಟೇಪಿನಲ್ಲಿ ತೆಗೆದು ವರದಿಯ ಜೊತೆ ಕಳಿಸಿದೆವು. ಮರುದಿನವೇ ಒಪ್ಪಿಗೆ ಬಂತು.

ಪರಿಹಾರ ಸರಳ: ಚಳಿಯ ಕಡೆ ತೂತನ್ನು 0.7 ಮಿ.ಮೀ. ಉದ್ದ ಮಾಡಿ, ಬೋಲ್ಟಿನ ಕೊರಳಿಗೆ ಮಖಮಲ್ಲಿನಂಥ ಎಳೆಯಿರುವ ಟೇಪ್ ಸುತ್ತುವುದು. ಹಾಗೆ ಮಾಡಿದರೆ ಮೈನಸ್ 40ಕ್ಕೂ ಜಾಗ ಮಿಗುತ್ತದೆ. 19ನೇ ದಿನ ಅರ ಹಿಡಿದು ಉಜ್ಜಿ ಕೈಯಲ್ಲೇ ತೂತು ಹಿಗ್ಗಿಸಿ, ಮರುಬೆಳಿಗ್ಗೆ ಮೈನಸ್ 28ರಲ್ಲಿ ಹೊರಟೆವು. 11 ಆಯಿತು, 15 ಆಯಿತು, 24 ಆಯಿತು. ಟೈರಿನ ಕೆಳಗೆ ಹಿಮ ಕರಕರ ಅನ್ನುವುದೊಂದೇ ಸದ್ದು.

ಬೇಸಿಗೆಯಲ್ಲಿ ಅದೇ ಕಾರನ್ನು ಅಮೆರಿಕದ ಡೆತ್ ವ್ಯಾಲಿಗೆ ಕಳಿಸಿದರು. 1913ರ ಜುಲೈ 10ರಂದು 56.7 ಡಿಗ್ರಿ ದಾಖಲಾದ ಕಣಿವೆ. ಅಲ್ಲಿನ ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಬ್ಯಾಟರಿ, ಎಸಿ, ಬ್ರೇಕಿನವರಿಗೆ ಅಲ್ಲಿ ಕೈತುಂಬ ಕೆಲಸ. ನನಗಿದ್ದದ್ದು ಒಂದೇ ಅನುಮಾನ: ಉದ್ದವಾದ ತೂತಿನಲ್ಲಿ ಚೌಕಟ್ಟು ಈಗ ಸಡಿಲಾಗಿ ಟಕಟಕ ಅನ್ನುತ್ತದೆಯೇ? ಮಧ್ಯಾಹ್ನ ಮೂರು ಗಂಟೆ ಬಿಸಿಲಲ್ಲಿ ನಿಲ್ಲಿಸಿ, ಡ್ಯಾಶ್‌ಬೋರ್ಡ್ 80 ಡಿಗ್ರಿ ದಾಟಿದ ಮೇಲೆ ಒಳಗೆ ಕೂತು, ಎಸಿ ಹಾಕದೆ, ಕಲ್ಲುರಸ್ತೆಯಲ್ಲಿ ಹೋದೆವು. ಬೆವರು ಲ್ಯಾಪ್‌ಟಾಪಿನ ಮೇಲೆ ಹನಿಯುತ್ತಿತ್ತು. ಟಕ್ ಎನ್ನಲಿಲ್ಲ. ಮೂರು ದಿನ ನೋಡಿ ಲಾಗ್‌ಬುಕ್ಕಿನಲ್ಲಿ ಆ ಸಾಲಿಗೆ ಅಡ್ಡಗೆರೆ ಎಳೆದೆ.

ಪ್ರೊಟೊಟೈಪುಗಳನ್ನು ಮಾರುವಂತಿಲ್ಲ, ಯಾರಿಗೂ ದಾನ ಕೊಡುವಂತಿಲ್ಲ. ಕೆಲಸ ಮುಗಿದ ಮೇಲೆ ಪುಡಿ ಮಾಡಿಸುತ್ತಾರೆ. 17ನೇ ನಂಬರಿನ ಸರದಿ ಸೆಪ್ಟೆಂಬರಿನಲ್ಲಿ ಬಂತು. ವೈರುಗಳನ್ನೆಲ್ಲ ಬಿಚ್ಚಿಕೊಳ್ಳಲು ಹೇಳಿದರು. ಹಿರಿಯರಿಗೆ ಆ ದಿನ ಬೇರೆ ಕಾರು. ನಾನೇ ಓಡಿಸಿಕೊಂಡು ಆವರಣದ ಹಿಂದಿನ ಗೇಟಿನವರೆಗೆ ಹೋದೆ, ಉರುಟು ಕಲ್ಲು ಹಾಸಿದ ದಾರಿಯಲ್ಲಿ, ಬೇಕೆಂದೇ ನಿಧಾನವಾಗಿ, ಎರಡು ಸುತ್ತು ಹೆಚ್ಚಿಗೆ ಹಾಕಿ. ಕಣ್ಣು ಗಡಿಯಾರದ ಕಡೆಗೇ ಹೋಗುತ್ತಿತ್ತು. ಏನೂ ಕೇಳಿಸಲಿಲ್ಲ.

ಗೇಟಿನಲ್ಲಿ ಕೀಲಿ ಕೊಟ್ಟು ಸಹಿ ಮಾಡಿದೆ. ಹಿಂದಿನ ಬಾಗಿಲು ತೆಗೆದು, ಕೃತಕ ತಲೆಯ ಬೆಲ್ಟ್ ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿಕೊಂಡು ಬಂದೆ. 23ನೇ ನಂಬರಿನ ಕಾರಿಗೆ ಅದು ಬೇಕಿತ್ತು.